ನಾನಿಲ್ಲದಾಗ ಆಟಕ್ಕೆ ಏನೇನು ಸೇರಿಸಿದ್ರಕ್ಕಾ?

ಒಂದು ಆಟವನ್ನು ಬಿಟ್ಟು ಹೋದವರು ಐದಾರು ತಿಂಗಳಾದ ಮೇಲೆ ತಿರುಗಿ ಬಂದರೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತಿತ್ತು. ನನ್ನ ಸೆಂಟರಿನಲ್ಲಂತೂ ಅದು ಒಂದು ಸಲವೂ ತಪ್ಪಿದ್ದಿಲ್ಲ.

ಸೆಂಟರು ಅಂದರೆ ಕೋಲಾರದ ಬಸ್ ಸ್ಟ್ಯಾಂಡಿಗೆ ಹತ್ತಿರ, ಒಂದು ಬೇಕರಿಯ ಮಹಡಿ ಮೇಲಿದ್ದ ನನ್ನ ಬ್ರೌಸಿಂಗ್ ಸೆಂಟರು. ತೊಂಬತ್ತರ ದಶಕದಲ್ಲಿ ಅದು ಟೈಪಿಂಗ್ ಇನ್‌ಸ್ಟಿಟ್ಯೂಟು. ಬೆಳಗ್ಗೆ ಆರೂವರೆಗೆ ಮೊದಲನೇ ಬ್ಯಾಚು ಕೂತರೆ, ಕೆಳಗೆ ಬೇಕರಿಯವರು ಬನ್ನು ಹೊರಗೆ ತೆಗೆಯುವ ಹೊತ್ತಿಗೆ ಇಡೀ ಮಹಡಿ ಟಕಟಕ ಅನ್ನುತ್ತಿತ್ತು. ಆಮೇಲೆ ಕಂಪ್ಯೂಟರು ಬಂತು, ಟೈಪ್‌ರೈಟರುಗಳು ಮೆಟ್ಟಿಲ ಕೆಳಗೆ ಹೋದವು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಆ ಆಟ ನಮ್ಮಲ್ಲಿಗೆ ಬಂತು.

ಅದು ಗೆದ್ದು ಮುಗಿಸಿ ಎದ್ದು ಹೋಗುವಂಥ ಆಟವಲ್ಲ. ಅದರೊಳಗೆ ಒಂದು ದೇಶವೇ ಇತ್ತು. ಊರು, ಕಾಡು, ಬೆಟ್ಟ, ರಾಕ್ಷಸರು. ಆಡುವವರು ತಮಗೊಬ್ಬ ಆಸಾಮಿಯನ್ನು ಮಾಡಿಕೊಳ್ಳಬೇಕು. ಕತ್ತಿ ಹಿಡಿದವನೋ, ಮಂತ್ರ ಹಾಕುವವನೋ, ಗಾಯ ವಾಸಿ ಮಾಡುವವನೋ, ಅವರವರ ಇಷ್ಟ. ಬೇರೆ ಬೇರೆ ಊರಿನಲ್ಲಿ ಕೂತವರೆಲ್ಲ ಇಂಟರ್‌ನೆಟ್ಟಿನಲ್ಲಿ ಅದೇ ದೇಶದೊಳಗೆ ಓಡಾಡುತ್ತಾರೆ, ಜೊತೆ ಸೇರಿ ಯುದ್ಧಕ್ಕೆ ಹೋಗುತ್ತಾರೆ. ವರ್ಷಕ್ಕೊಮ್ಮೆಯೋ ಒಂದೂವರೆ ವರ್ಷಕ್ಕೊಮ್ಮೆಯೋ ಕಂಪನಿಯವರು ಆ ದೇಶಕ್ಕೆ ಹೊಸ ಸೀಮೆ, ಹೊಸ ಆಯುಧ, ಹೊಸ ಲೆವೆಲ್ಲು ಎಲ್ಲ ಸೇರಿಸಿ ದೊಡ್ಡದು ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಅದಕ್ಕೆ ಎಕ್ಸ್‌ಪ್ಯಾನ್ಷನ್ ಅಂತ ಹೆಸರು. ನಮ್ಮವರ ಬಾಯಲ್ಲಿ ಅದು ಎಕ್ಸ್‌ಟೆನ್ಷನ್ ಆಯಿತು, ಊರಾಚೆ ಹೊಸ ಬಡಾವಣೆಗೆ ಅನ್ನುತ್ತೇವಲ್ಲ, ಹಾಗೆ.

ಉದ್ದುದ್ದ ಇಂಗ್ಲಿಷ್ ನೋಟಿಸನ್ನು ಕೊನೆತನಕ ಓದುವ ತಾಳ್ಮೆ ಇದ್ದದ್ದು ಟೈಪಿಂಗ್ ಕಲಿಸಿದ ನನಗೊಬ್ಬಳಿಗೇ. ಹೊಸದಾಗಿ ಸೇರಿದ್ದನ್ನೆಲ್ಲ ಸ್ಕೆಚ್ ಪೆನ್ನಿನಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಆದರೂ ಬಂದವರು ಗೋಡೆ ನೋಡುತ್ತಿರಲಿಲ್ಲ. ಚಪ್ಪಲಿ ಬಿಡುತ್ತಾ ನನ್ನನ್ನೇ ಕೇಳುವರು. ಅಲ್ಲಿ ಆಡುತ್ತಿದ್ದವರೆಲ್ಲ ಕೆಲಸ, ಸಂಸಾರ ಇದ್ದ ದೊಡ್ಡವರು. ಸೀಸನ್ ಬಂದರೆ, ಡ್ಯೂಟಿ ಬಿದ್ದರೆ ಆಟ ಬಿಡುವರು, ಬಿಡುವಾದರೆ ಬರುವರು. ಈಗ ಆ ಮಹಡಿಯಲ್ಲಿ ಮೊಬೈಲ್ ರಿಪೇರಿಯವರಿದ್ದಾರೆ. ಮೆಟ್ಟಿಲು ಮಾತ್ರ ಅದೇ.

೧. ನಾಲ್ಕು ದಿಕ್ಕು

ಹೋಳೂರಿನ ಕಡೆ ವಿಲೇಜ್ ಅಕೌಂಟೆಂಟರೊಬ್ಬರು ಬರುತ್ತಿದ್ದರು. ಚುನಾವಣೆ ಕೆಲಸ ಬಿದ್ದು ಐದು ತಿಂಗಳು ನಾಪತ್ತೆಯಾಗಿದ್ದವರು ಒಂದು ಶನಿವಾರ ಮಧ್ಯಾಹ್ನ ಬಂದರು.

"ವೋಟರ್ ಲಿಸ್ಟಲ್ಲೇ ಕಣ್ಣು ಹೋಯ್ತು ಮೇಡಂ. ಏನ್ ಸೇರಿಸಿದ್ದಾರೆ?"

"ಸಮುದ್ರದಾಚೆ ಒಂದು ದ್ವೀಪ ಸೇರಿಸಿದ್ದಾರೆ ಸಾರ್."

"ರಸ್ತೆ ಇದೆಯಾ?"

"ಇಲ್ಲ ಸಾರ್. ಹಡಗಲ್ಲಿ ಹೋಗ್ಬೇಕು."

"ಹಂಗಾದ್ರೆ ಪ್ರೈವೇಟ್ ಲೇಔಟು," ಅಂದು ಕೂತರು.

ಬೇರೆಯವರೆಲ್ಲ ಹಡಗಿಳಿದ ಕೂಡಲೇ ದ್ವೀಪದ ಮಧ್ಯದ ಕೋಟೆಗೆ ಓಡುತ್ತಿದ್ದರು. ಅಲ್ಲಿ ನಿಧಿ ಇತ್ತು, ಬೆಂಕಿ ಉಗುಳುವ ಹಾವಿತ್ತು. ಇವರು ಕೋಟೆಯ ಕಡೆ ತಿರುಗಿಯೂ ನೋಡಲಿಲ್ಲ. ನೀರಿನಂಚು ಹಿಡಿದು ನಡೆಯಲು ಶುರು ಮಾಡಿದರು. ಆಗಾಗ ನಿಲ್ಲುವರು, ಒಂದು ಹಾಳೆ ಮೇಲೆ ಗೆರೆ ಎಳೆಯುವರು, ಮತ್ತೆ ನಡೆಯುವರು. ಒಂದು ಕಡೆ ದೊಡ್ಡ ಏಡಿ ಬಂದು ಕೊಂದುಹಾಕಿತು. ಆಟದಲ್ಲಿ ಸತ್ತವರಿಗೆ ಮತ್ತೆ ಜೀವ ಬರುತ್ತದೆ. ಬಂದ ಮೇಲೆ ಸತ್ತ ಜಾಗಕ್ಕೇ ಹೋಗಿ, ಅಲ್ಲಿಂದಲೇ ಹೆಜ್ಜೆ ಮುಂದುವರಿಸಿದರು. ಪಕ್ಕದ ಕಂಪ್ಯೂಟರಿನವರು, "ಸಾರ್, ಒಂದು ಕೈ ಹಾಕಿ, ಸಾಯ್ತಿದ್ದೀವಿ ಇಲ್ಲಿ," ಅಂದರೆ, "ಸ್ಥಳ ಪರಿಶೀಲನೆ ಮುಗೀಲಿ," ಅಂದರು.

ಎರಡು ಗಂಟೆ ಆದ ಮೇಲೆ ಎದ್ದು ಬಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. ದ್ವೀಪದ ನಕಾಶೆ. ಬಂಡೆ, ತೊರೆ, ಒಂಟಿ ಮರ, ಏಡಿ ಇದ್ದ ಜಾಗ, ಎಲ್ಲವೂ ಅದರಲ್ಲಿತ್ತು. ಕಂಪನಿಯವರ ಮ್ಯಾಪಿಗಿಂತ ಅದೇ ಚೆನ್ನಾಗಿತ್ತು. ಒಂದು ವರ್ಷ ಎಲ್ಲರೂ ಅದನ್ನು ನೋಡಿಕೊಂಡೇ ಆಡಿದರು.

"ಹೆಂಗಿದೆ ಸಾರ್ ಜಾಗ?" ಅಂತ ಕೇಳಿದೆ.

"ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ, ದಕ್ಷಿಣಕ್ಕೂ ಸಮುದ್ರ," ಅಂದು ಕನ್ನಡಕ ಒರೆಸಿಕೊಂಡರು. "ಒತ್ತುವರಿ ಇಲ್ಲದ ಜಮೀನು ನನ್ನ ಸರ್ವೀಸಲ್ಲಿ ಇದೇ ಮೊದಲು ನೋಡ್ತಿರೋದು ಮೇಡಂ."

೨. ಹಂದಿ ಕೊಟ್ಟ ಕತ್ತಿ

ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಒಬ್ಬರು ಭಾನುವಾರಗಳಲ್ಲಿ ಬಸ್ಸು ಹಿಡಿದು ಬರುತ್ತಿದ್ದರು. ನಲವತ್ತೈದರ ವಯಸ್ಸು, ದಪ್ಪ ಮೀಸೆ, ಮಂಡಿಯಲ್ಲಿ ಕೂಗಿ ಕೂಗಿ ಒಡೆದ ಗಂಟಲು. ಏಪ್ರಿಲ್ ಬಂತೆಂದರೆ ಅವರ ಮುಖ ಕಾಣುತ್ತಿರಲಿಲ್ಲ. ಕೊನೇ ಕೊಯ್ಲಿನ ನೀಲಂ ಹಣ್ಣು ಒಂದು ಚೀಲ ಹಿಡಿದು ಮೆಟ್ಟಿಲು ಹತ್ತಿದರೆ ಸೀಸನ್ ಮುಗಿಯಿತು ಅಂತ ಅರ್ಥ.

ಒಂದು ವರ್ಷ ಸಂಕ್ರಾಂತಿಯಿಂದ ಯುಗಾದಿವರೆಗೆ ಪ್ರತಿ ಭಾನುವಾರ ನಲವತ್ತು ಜನರ ಜೊತೆ ಸೇರಿ ಪಾತಾಳದ ಒಬ್ಬ ರಾಕ್ಷಸನನ್ನು ಕೊಂದರು. ಕೊಂದಾಗಲೆಲ್ಲ ಅವನಿಂದ ಏನಾದರೊಂದು ವಸ್ತು ಬೀಳುತ್ತಿತ್ತು. ಇವರಿಗೆ ಬೇಕಾಗಿದ್ದದ್ದು ಅವನ ಕತ್ತಿ. ಕೊನೆಗೂ ಒಂದು ಭಾನುವಾರ ಬಿತ್ತು. ನೀಲಿ ಬೆಳಕು ಬರುವ ಕತ್ತಿ. ಅವತ್ತು ಸೆಂಟರಿನಲ್ಲಿದ್ದವರಿಗೆಲ್ಲ ಕೆಳಗಿನ ಬೇಕರಿಯಿಂದ ದಿಲ್‌ಪಸಂದ್ ತರಿಸಿದರು. ಕತ್ತಿ ಹಿಡಿದು ನಿಂತ ಚಿತ್ರವನ್ನು ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಜೇಬಿನಲ್ಲಿಟ್ಟುಕೊಂಡು ಸೀಸನ್ನಿಗೆ ಹೋದರು.

ಆಗಸ್ಟಿನಲ್ಲಿ ಚೀಲ ಹಿಡಿದು ಬಂದರು. "ನಾನಿಲ್ಲದಾಗ ಏನೇನು ಸೇರಿಸಿದ್ರಕ್ಕಾ?"

"ಹೊಸ ಸೀಮೆ, ಹತ್ತು ಲೆವೆಲ್ಲು, ಹೊಸ ಆಯುಧಗಳು."

"ಆಯುಧ ನಮಗ್ಯಾಕಕ್ಕಾ," ಅಂದು ಮೀಸೆ ಸವರಿಕೊಂಡು ಒಳಗೆ ಹೋದರು.

ಹತ್ತು ನಿಮಿಷ ಸದ್ದಿಲ್ಲ. ಮಂಡಿಯವರು ಇರುವ ಕಡೆ ಸದ್ದಿಲ್ಲದಿರುವುದು ಅಂದರೆ ಏನೋ ಆಗಿದೆ ಅಂತಲೇ. ಹೋಗಿ ನೋಡಿದೆ. ಹೊಸ ಸೀಮೆಯ ಗಡಿಯಲ್ಲೇ ಒಂದು ಕಾಡುಹಂದಿ ಸತ್ತು ಬಿದ್ದಿತ್ತು. ಅದರ ಪಕ್ಕ ಒಂದು ಮೊಂಡು ಕತ್ತಿ, ಹಿಡಿಗೆ ಗೋಣಿದಾರ ಸುತ್ತಿದಂತಿತ್ತು. ಅದರ ಶಕ್ತಿ ನೀಲಿ ಕತ್ತಿಯ ಒಂದೂವರೆಪಟ್ಟು ಅಂತ ಪರದೆ ಮೇಲೆ ಬಂದಿತ್ತು.

ದುಃಖ ಬಂದರೆ ಅವರಿಗೆ ತೆಲುಗೇ ಬರುತ್ತಿದ್ದುದು. "ಪಂದಿ ಇಚ್ಚಿಂದಕ್ಕಾ," ಅಂದರು ಮೆಲ್ಲಗೆ. ಹಂದಿ ಕೊಟ್ಟಿತಂತೆ. "ಮೂರು ತಿಂಗಳು ರಾಕ್ಷಸನ್ನ ಹೊಡೆದು ತಗೊಂಡಿದ್ದು. ಇಲ್ಲಿ ಪಂದಿ ಕೊಡ್ತಿದೆ."

"ಹಳೇದನ್ನ ಆಟದಲ್ಲೇ ಮಾರಿಬಿಡಿ, ನಿಮ್ಮ ಆಸಾಮಿ ಚೀಲದಲ್ಲಿ ಜಾಗ ಆಗುತ್ತೆ," ಅಂದೆ.

ಮಾರಲಿಲ್ಲ. ಕಾಡಿನಲ್ಲಿ ಯುದ್ಧಕ್ಕೆಲ್ಲ ಹಂದಿಯ ಕತ್ತಿಯನ್ನೇ ಹಿಡಿಯುವರು. ಆಟದೊಳಗಿನ ಪೇಟೆ ಹತ್ತಿರ ಬಂದ ಕೂಡಲೇ ನಿಂತು, ಅದನ್ನು ಒಳಗಿಟ್ಟು, ನೀಲಿ ಕತ್ತಿ ಹೊರಗೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗುವರು. ಯಾಕೆ ಅಂದರೆ, "ತೋಟಕ್ಕೆ ಹೋಗೋ ಚಪ್ಪಲಿ ಹಾಕ್ಕೊಂಡು ಯಾರಾದ್ರೂ ಮದುವೆ ಮನೆಗೆ ಹೋಗ್ತಾರಾ ಅಕ್ಕಾ?" ಅಂದರು.

೩. ಗಂಟೆ ಇಲ್ಲದ ಜಾಗ

ಮುಳಬಾಗಿಲಿನ ಒಂದು ಗುಡಿಯ ಅರ್ಚಕರು, ಮೂವತ್ತರ ಆಸುಪಾಸಿನವರು, ಮಧ್ಯಾಹ್ನ ಗುಡಿ ಬಾಗಿಲು ಹಾಕಿದ ಮೇಲೆ ಬಸ್ಸು ಹತ್ತಿ ಬರುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ವಾಪಸ್ ಹೋಗಲೇಬೇಕು. ಆಟದಲ್ಲಿ ಅವರು ಗಾಯ ವಾಸಿ ಮಾಡುವವರು. ಅವರಿದ್ದರೆ ತಂಡಕ್ಕೆ ಧೈರ್ಯ. ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿ ಹತ್ತು ಜನರನ್ನು ಬದುಕಿಸುವರು. ಗುಡಿಯ ಜೀರ್ಣೋದ್ಧಾರ ಅಂತ ಎಂಟು ತಿಂಗಳು ಆಟ ಬಿಟ್ಟಿದ್ದರು.

ಬಂದ ದಿನ ನಾನು ಹೇಳಿದೆ, "ಸ್ವಾಮಿ, ಈ ಸಲದ ಎಕ್ಸ್‌ಟೆನ್ಷನ್ನಲ್ಲಿ ಎಲ್ಲರೂ ಕಲಿತಿದ್ದ ವಿದ್ಯೆನೆಲ್ಲ ಕಂಪನಿಯವರು ವಾಪಸ್ ತಗೊಂಡಿದ್ದಾರೆ. ಹೊಸದಾಗಿ ಆರಿಸ್ಕೊಂಡು, ಯಾವ ಬಟನ್ನಿಗೆ ಯಾವ ವಿದ್ಯೆ ಅಂತ ನೀವೇ ಜೋಡಿಸ್ಕೋಬೇಕು."

ಅವರು ತಲೆಯಾಡಿಸಿದರು. ಅಷ್ಟರಲ್ಲಿ ಮಾಲೂರಿನ ಪಿ.ಟಿ. ಮೇಷ್ಟ್ರು ತಮ್ಮ ಕಂಪ್ಯೂಟರಿನಿಂದಲೇ ಕರೆದರು. "ಸ್ವಾಮಿ, ಬೇಗ ಬನ್ನಿ. ಎರಡು ತಲೆ ಹಾವು ಎದುರಿಗೇ ಇದೆ. ನಿಮ್ಮನ್ನ ನಂಬ್ಕೊಂಡೇ ಹೊಡ್ಯಕ್ಕೆ ಶುರು ಮಾಡ್ತಿದ್ದೀವಿ."

ಜೋಡಿಸಲು ಹೊತ್ತೆಲ್ಲಿ? ಕೈಗೆ ಅಭ್ಯಾಸವಿದೆ ಅಂದುಕೊಂಡು ಅರ್ಚಕರು ಕೂತೇಬಿಟ್ಟರು. ಹಾವು ಮೇಷ್ಟ್ರನ್ನು ಕಚ್ಚಿತು. "ಸ್ವಾಮಿ, ಔಷಧಿ," ಅಂದರು ಮೇಷ್ಟ್ರು. ಅರ್ಚಕರು ಹಳೇ ಬಟನ್ ಒತ್ತಿದರು. ಪರದೆಯ ಮೇಲೆ ಅವರ ಆಸಾಮಿ ಮೇಷ್ಟ್ರ ಮುಂದೆ ನಿಂತು, ಸೊಂಟ ಬಗ್ಗಿಸಿ, ನಮಸ್ಕಾರ ಮಾಡಿದ.

"ನಮಸ್ಕಾರ ಆಮೇಲೆ ಮಾಡಿ ಸ್ವಾಮಿ, ಮೊದಲು ಔಷಧಿ ಹಾಕಿ."

ಮತ್ತೆ ಒತ್ತಿದರು. ಮತ್ತೆ ನಮಸ್ಕಾರ, ಈ ಸಲ ಇನ್ನೂ ಬಗ್ಗಿ. ಪಕ್ಕದ ಬಟನ್ ಒತ್ತಿದರೆ ಕುಣಿಯತೊಡಗಿದ. ಮೇಷ್ಟ್ರು ಸತ್ತರು. ತಂಡದಲ್ಲಿದ್ದವರು ಒಬ್ಬೊಬ್ಬರಾಗಿ ಬಿದ್ದರು. ಬಿದ್ದ ಹೆಣಗಳ ಮಧ್ಯೆ ಅರ್ಚಕರ ಆಸಾಮಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಕುಣಿಯುತ್ತಲೇ ಇದ್ದ. ನಿಲ್ಲಿಸುವ ಬಟನ್ ಯಾವುದೋ ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಹಾವೇ ಬಂದು ನಿಲ್ಲಿಸಿತು.

ಮೇಷ್ಟ್ರೇ ಸಮಾಧಾನ ಹೇಳಿದರು, "ಹೋಗ್ಲಿ ಬಿಡಿ ಸ್ವಾಮಿ. ಎಂಟು ತಿಂಗಳು ಬಿಟ್ರೆ ಯಾರಿಗಾದ್ರೂ ಮರೆತು ಹೋಗುತ್ತೆ."

ಅರ್ಚಕರು ಕೈ ನೋಡಿಕೊಳ್ಳುತ್ತಾ ಹೇಳಿದರು, "ಗುಡೀಲೂ ಒಂದೊಂದ್ಸಲ ಮಂತ್ರ ಮರೆತು ಹೋಗುತ್ತೆ ಮೇಷ್ಟ್ರೇ. ಜೋರಾಗಿ ಗಂಟೆ ಬಾರಿಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಇಲ್ಲಿ ಆ ಅನುಕೂಲ ಇಲ್ಲ ನೋಡಿ."

೪. ಬಾವಿಕಟ್ಟೆ

ನನ್ನದೂ ಒಂದಿದೆ. ಬಂದವರಿಗೆ ಹೇಳಿಕೊಡಬೇಕಲ್ಲ ಅಂತ ನಾನೂ ಒಬ್ಬ ಹೆಂಗಸಿನ ಆಸಾಮಿಯನ್ನು ಮಾಡಿಕೊಂಡಿದ್ದೆ. ನಾಲ್ಕನೇ ಲೆವೆಲ್ಲು ದಾಟಲಿಲ್ಲ. ನನಗೆ ಯುದ್ಧ ಬೇಕಿರಲಿಲ್ಲ. ಆ ದೇಶದ ಒಂದು ಸಣ್ಣ ಊರಿನಲ್ಲಿ ಬಾವಿಯೊಂದಿತ್ತು, ಪಕ್ಕದಲ್ಲಿ ಹುಣಸೆಯಂಥ ಮರ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವಳನ್ನು ಬಾವಿಕಟ್ಟೆ ಮೇಲೆ ಕೂರಿಸಿ, ನಾನು ಇಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಅಲ್ಲಿ ಎಲೆ ಅಲ್ಲಾಡುತ್ತಿತ್ತು, ಹಕ್ಕಿ ಕೂಗುತ್ತಿತ್ತು. ಅಷ್ಟು ಸಾಕಾಗಿತ್ತು.

ಅತ್ತೆಯವರ ಕಾಲು ಮುರಿದು ಮೂರು ತಿಂಗಳು ನಾನು ಒಳಗೆ ಹೋಗಲೇ ಇಲ್ಲ. ಆಮೇಲೆ ತೆರೆದರೆ ಪರದೆಯೆಲ್ಲ ಕಪ್ಪು. ಎತ್ತ ತಿರುಗಿದರೂ ಕಪ್ಪು. ವಿಲೇಜ್ ಅಕೌಂಟೆಂಟರು ಬಂದು ನೋಡಿ, ತಾವು ಕೂತ ಕಂಪ್ಯೂಟರಿನಿಂದ ಅದೇ ಊರಿಗೆ ಹೋಗಿ ಪತ್ತೆ ಹಚ್ಚಿದರು. ಎಕ್ಸ್‌ಟೆನ್ಷನ್ನಲ್ಲಿ ಆ ಊರನ್ನು ದೊಡ್ಡ ಪೇಟೆ ಮಾಡಿ, ಬಾವಿ ಮುಚ್ಚಿ, ಅಲ್ಲೊಂದು ಉಗ್ರಾಣ ಕಟ್ಟಿದ್ದರು. ನನ್ನವಳು ಗೋಡೆಯೊಳಗೆ ಕೂತಿದ್ದಳು.

ನನ್ನ ಚಿಂತೆಯೆಲ್ಲ ಆ ಮರದ ನೆರಳು ಇನ್ನು ಸಿಗುವುದಿಲ್ಲ ಅಂತ. ಅವರು ಮಾತ್ರ ತುಂಬ ಗಂಭೀರವಾಗಿ ಕೇಳಿದರು, "ಕಟ್ಟೋ ಮುಂಚೆ ನಿಮಗೆ ನೋಟಿಸ್ ಕೊಟ್ಟಿದ್ರಾ ಮೇಡಂ?"

೫. ಗುರುಗಳು

ಇದು ಮಂಡಿಯವರ ಕಥೆ, ಕತ್ತಿಯ ಕಥೆ ಆಗಿ ಎರಡು ವರ್ಷದ ಮೇಲೆ ಆದದ್ದು.

ಆ ಹೊತ್ತಿಗೆ ನಮ್ಮವರ ತಂಡಕ್ಕೆ ಒಬ್ಬ ಲೀಡರು ಸಿಕ್ಕಿದ್ದರು. ಆಟದೊಳಗೆ ಆರಡಿ ಎತ್ತರ, ಎದೆಯವರೆಗೆ ಗಡ್ಡ, ಕೈಯಲ್ಲಿ ಕೊಡಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವರು. ನಮ್ಮ ಜಿಲ್ಲೆಯವರೇ ಅಂತ ಗೊತ್ತಿತ್ತು, ಯಾರು ಅಂತ ಗೊತ್ತಿರಲಿಲ್ಲ. ಹೊಸ ಎಕ್ಸ್‌ಟೆನ್ಷನ್ ಬೇಸಿಗೆಯಲ್ಲಿ ಬಂದರೆ, ಮಂಡಿಯವರು ಆಗಸ್ಟಿನಲ್ಲಿ ಬರುವ ಹೊತ್ತಿಗೆ ಆ ಲೀಡರಿಗೆ ಹೊಸ ಸೀಮೆಯ ಸಂದಿಗೊಂದಿ ಎಲ್ಲ ಗೊತ್ತಿರುತ್ತಿತ್ತು. ಇವರ ಕೈ ಹಿಡಿದು ಎಲ್ಲ ಕಡೆ ಕರೆದುಕೊಂಡು ಹೋಗಿ, ಯಾವ ಗಿಡದಲ್ಲಿ ವಿಷ, ಯಾವ ಗುಹೆಯಲ್ಲಿ ಏನು ಅಂತ ತೋರಿಸುವರು. ಮಂಡಿಯವರು ಅವರನ್ನು ಗುರುಗಳೇ ಅಂತಲೇ ಕರೆಯುತ್ತಿದ್ದುದು.

ಗುರುಗಳ ಹತ್ತಿರ ಮನಸ್ಸು ಬಿಚ್ಚಿ ಮಾತಾಡುವ ಅಭ್ಯಾಸವೂ ಆಯಿತು. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾ ನನ್ನನ್ನು ಕೇಳುವರು, "ಅಕ್ಕಾ, ಹುಳಿ ಅನ್ನೋದಕ್ಕೆ ಎಲ್ ಒಂದಾ, ಎರಡಾ?"

"ಯಾವ ಹುಳಿ?"

"ನಮ್ಮನೇಲಿ ಸಾರಿಗೆ ಹುಳಿ ಜಾಸ್ತಿ ಆಗ್ತಿದೆ ಅಂತ ಗುರುಗಳ ಹತ್ರ ಹೇಳ್ಕೊಳ್ತಿದ್ದೀನಿ."

ಮನೆಯಲ್ಲಿ ಆಟದ ವಿಷಯ ಹೇಳಿರಲಿಲ್ಲ. ಭಾನುವಾರ ಕೋಲಾರಕ್ಕೆ ಯಾಕೆ ಅಂದರೆ ಜ್ಯೂಸ್ ಫ್ಯಾಕ್ಟರಿ ಏಜೆಂಟರನ್ನು ನೋಡಬೇಕು ಅನ್ನುವರಂತೆ. ಮಗಳ ಓದಿಗೆ ಅಂತ ತಂದ ಕಂಪ್ಯೂಟರು ಮನೆಯಲ್ಲೇ ಇತ್ತು. ಅದರ ಹತ್ತಿರವೂ ಹೋಗುತ್ತಿರಲಿಲ್ಲ, ತನಗೆ ಮೌಸು ಹಿಡಿಯಲೂ ಬರುವುದಿಲ್ಲ ಅಂತ ಹೇಳಿಬಿಟ್ಟಿದ್ದರು. ಇದನ್ನೂ ಗುರುಗಳ ಹತ್ತಿರ ಹೇಳಿಕೊಂಡಿದ್ದರು.

ಆ ವರ್ಷದ ಎಕ್ಸ್‌ಟೆನ್ಷನ್ನಲ್ಲಿ ಮಾತಾಡುವ ಸೌಕರ್ಯ ಸೇರಿಸಿದರು. ಟೈಪ್ ಮಾಡುವ ಕೆಲಸವಿಲ್ಲ, ಮೈಕಿನಲ್ಲಿ ಮಾತಾಡಿದರೆ ತಂಡದವರಿಗೆಲ್ಲ ಕೇಳಿಸುತ್ತದೆ. ಮಂಡಿಯವರು ನೀಲಂ ಚೀಲ ಇಳಿಸಿ, ವಿಷಯ ಕೇಳಿ ಬಹಳ ಖುಷಿಪಟ್ಟರು. "ಗುರುಗಳ ಧ್ವನಿ ಕೇಳ್ಬಹುದು ಅಂತಾಯ್ತು." ಹೆಡ್‌ಫೋನು ಕಿವಿ ಒತ್ತುತ್ತದೆ ಅಂತ ಸ್ಪೀಕರ್ ಹಾಕಿಸಿಕೊಂಡರು.

ಭಾನುವಾರ ಹನ್ನೊಂದು ಗಂಟೆ. ಒಂದು ಕಡೆ ಅರ್ಚಕರು, ಅವತ್ತು ಗುಡಿಯಲ್ಲಿ ತಮ್ಮನನ್ನು ಬಿಟ್ಟು ಬೇಗ ಬಂದಿದ್ದರು. ಇನ್ನೊಂದು ಕಡೆ ಪಿ.ಟಿ. ಮೇಷ್ಟ್ರು. ದೊಡ್ಡ ರಾಕ್ಷಸನ ಮೇಲೆ ಯುದ್ಧ ಶುರುವಾಗುತ್ತಿತ್ತು.

"ಗುರುಗಳೇ, ನಮಸ್ಕಾರ. ಸೀಸನ್ ಮುಗೀತು, ಬಂದೆ," ಅಂದರು ಮಂಡಿಯವರು ಮೈಕಿಗೆ, ಭಕ್ತಿಯಿಂದ.

ಧ್ವನಿಯ ಬದಲು ಪರದೆಯ ಮೇಲೆ "ಬನ್ನಿ" ಅಂತ ಟೈಪ್ ಆಗಿ ಬಂತು. "ಗುರುಗಳ ಮೈಕ್ ಕೆಟ್ಟಿದೆ ಅಂತ ಕಾಣುತ್ತೆ," ಅಂದರು.

ಯುದ್ಧ ಅರ್ಧಕ್ಕೆ ಬಂದಾಗ ರಾಕ್ಷಸ ತಿರುಗಿ ಮಂಡಿಯವರ ಮೇಲೆ ಬಿದ್ದ. ಇವರು ಗಾಬರಿಯಲ್ಲಿ ಹಿಂದೆ ಮುಂದೆ ನೋಡದೆ ಬಲಗಡೆಗೆ ಓಡಿದರು. ಅಲ್ಲಿ ಆಳದ ಹಳ್ಳ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ಹೋಗಿಬಿಡುತ್ತಿದ್ದರು. ಅಷ್ಟರಲ್ಲಿ ಸ್ಪೀಕರಿನಿಂದ ಒಂದು ಹೆಂಗಸಿನ ಧ್ವನಿ ಬಂತು.

"ರೀ, ಆ ಕಡೆ ಹೋಗ್ಬೇಡಿ. ಹಳ್ಳ ಇದೆ."

ಮಂಡಿಯವರ ಕೈ ಮೌಸಿನ ಮೇಲೇ ನಿಂತುಹೋಯಿತು. ಮಂಡಿಯಲ್ಲಿ ನಾಲ್ಕು ಬೀದಿಗೆ ಕೇಳುವಂತೆ ಕೂಗುವ ಆ ಮನುಷ್ಯ ಸಣ್ಣ ಧ್ವನಿಯಲ್ಲಿ, "ಯಾರದು?" ಅಂದರು.

"ಸಾರಿಗೆ ಹುಳಿ ಜಾಸ್ತಿ ಹಾಕ್ತಾಳಲ್ಲ, ಅವಳು."

ಅರ್ಚಕರು ಪರದೆಗೆ ಮೂಗು ತಾಗಿಸಿ ಕೂತರು. ಮೇಷ್ಟ್ರು ಬಾಯಿಗೆ ಕರ್ಚೀಫು ಒತ್ತಿಕೊಂಡರು. ಸ್ಪೀಕರು ಮುಂದುವರಿಸಿತು, "ಮೊದಲು ಈ ರಾಕ್ಷಸನ್ನ ಮುಗಿಸಿ. ಎಡಗಡೆಯಿಂದ ಬನ್ನಿ. ಆಮೇಲೆ ಆ ಏಜೆಂಟರನ್ನ ನೋಡ್ಕೊಂಡು ಮನೆಗೆ ಬನ್ನಿ, ಮಾತಾಡೋಣ."

ಎಡಗಡೆಯಿಂದ ಹೋದರು. ಅವತ್ತು ಅವರು ಹೊಡೆದ ಹಾಗೆ ಯಾವತ್ತೂ ಹೊಡೆದಿರಲಿಲ್ಲ. ರಾಕ್ಷಸ ಸತ್ತ ಕೂಡಲೇ ಎದ್ದು, ಯಾರಿಗೂ ಏನೂ ಹೇಳದೆ ಬಸ್ಸಿಗೆ ಹೋದರು. ಛತ್ರಿ ಇಲ್ಲೇ ಉಳಿಯಿತು.

ವಾರವೆಲ್ಲ ನನಗೆ ಸಮಾಧಾನವಿರಲಿಲ್ಲ. ನನ್ನ ಸೆಂಟರಿನಿಂದ ಒಂದು ಸಂಸಾರ ಕೆಟ್ಟಿತಲ್ಲ ಅಂತ ಒಂದೇ ಯೋಚನೆ. ಫೋನ್ ಮಾಡಲು ಧೈರ್ಯ ಬರಲಿಲ್ಲ. ಮುಂದಿನ ಭಾನುವಾರ ಮೆಟ್ಟಿಲ ಮೇಲೆ ಎರಡು ಜೊತೆ ಚಪ್ಪಲಿ ಸದ್ದಾಯಿತು. ಮಂಡಿಯವರು ಬಂದರು, ಹಿಂದೆಯೇ ಅವರ ಹೆಂಡತಿ. ಸಣ್ಣ ಆಳು, ನನ್ನ ಭುಜದೆತ್ತರ. ಕೈಯಲ್ಲಿ ಟಿಫನ್ ಕ್ಯಾರಿಯರು. ಪಕ್ಕಪಕ್ಕದ ಕಂಪ್ಯೂಟರು ಕೇಳಿ ಇಬ್ಬರೂ ಕೂತರು.

ನೀರು ಕೊಡುವ ನೆಪದಲ್ಲಿ ಆಯಮ್ಮನನ್ನು ಕೇಳಿದೆ, ಹೇಗೆ ಶುರುವಾಯಿತು ಅಂತ.

"ಹಾಸ್ಟೆಲ್ಲಿಗೆ ಹೋಗೋ ಮುಂಚೆ ಮಗಳು ತೋರಿಸಿಕೊಟ್ಟಿದ್ಲಕ್ಕಾ. ಸೀಸನ್ನಲ್ಲಿ ಇವರು ಮಂಡಿ ಬಿಟ್ಟು ಅಲ್ಲಾಡಲ್ಲ. ನಾಲ್ಕು ತಿಂಗಳು ಒಬ್ಬಳೇ ಕೂತ್ಕೊಂಡು ಏನ್ ಮಾಡ್ಲಿ?"

"ಇವರೇ ಅಂತ ಯಾವಾಗ ಗೊತ್ತಾಯ್ತು?"

"ಸಾರಿನ ವಿಷಯ ಬರೆದಾಗ."

"ಆವಾಗ್ಲೇ ಹೇಳ್ಬಹುದಿತ್ತಲ್ಲಮ್ಮ?"

"ಹೇಳಿದ್ರೆ ಆಮೇಲೆ ನನ್ನ ಹತ್ರ ಏನೂ ಹೇಳ್ತಿರ್ಲಿಲ್ಲ," ಅಂದರು. ನಗಲಿಲ್ಲ. "ಮನೇಲಿ ದಿನಕ್ಕೆ ಹತ್ತು ಮಾತಾಡಿದ್ರೆ ಹೆಚ್ಚು. ಇಲ್ಲಿ ಎಷ್ಟು ಮಾತಾಡ್ತಾರೆ ಗೊತ್ತಾ?" ಅಂದು ಪರದೆ ಕಡೆ ತಿರುಗಿ ಕೊಡಲಿ ಹಿಡಿದರು.

ಊಟದ ಹೊತ್ತಿಗೆ ಆಯಮ್ಮ ಕೈ ತೊಳೆಯಲು ಹೋದಾಗ ಮಂಡಿಯವರು ನನ್ನ ಮೇಜಿನ ಹತ್ತಿರ ಬಂದರು. ಮುಖ ಸಣ್ಣಗಾಗಿತ್ತು.

"ಬೈದ್ರಾ?" ಅಂದೆ.

"ಬೈಲಿಲ್ಲಕ್ಕಾ. ಅದೇ ಕಷ್ಟ." ಬಗ್ಗಿ ಮೆಲ್ಲಗೆ ಹೇಳಿದರು. "ಹೋದ ವರ್ಷ ಗೌರಿ ಹಬ್ಬಕ್ಕೆ ಗುರುಗಳು ಹೇಳಿದ್ರು, ಹೆಂಡತಿಗೆ ಒಂದು ಸೀರೆ ತಗೊಂಡು ಹೋಗಪ್ಪ, ಅರಿಶಿನ ಬಣ್ಣ, ಹಸಿರು ಅಂಚು, ಮಂಡಿ ಪಕ್ಕದಂಗಡಿ ಕಿಟಕೀಲೇ ನೇತಾಕಿರ್ತಾರೆ ಅಂತ. ಸರಿ ಅಂತ ತಗೊಂಡು ಹೋಗಿ ಕೊಟ್ಟೆ. ಬಿಚ್ಚಿ ನೋಡಿ, 'ನನ್ನ ಮನಸ್ಸಲ್ಲಿ ಇದೇ ಇತ್ತು ಅಂತ ನಿಮಗೆ ಹೆಂಗೆ ಗೊತ್ತಾಯ್ತು?' ಅಂದ್ಲು."

"ನೀವೇನಂದ್ರಿ?"

"ಹದಿನೆಂಟು ವರ್ಷ ಸಂಸಾರ ಮಾಡಿದ್ದೀನಿ, ಅಷ್ಟೂ ಗೊತ್ತಾಗಲ್ವಾ ಅಂದೆ ಅಕ್ಕಾ."